ಸೊಲಾಂಜಳ ಗೋಡೆಯೊಳಗಿನ ಹೆಂಗಸು

೧.
ಎಲ್ಲಿಂದ ಶುರುಮಾಡಲಿ? ‘ಎಂಟುನೂರು ವರ್ಷಗಳ ಹಿಂದೆ ಫ್ರಾನ್ಸಿನ ಕ್ಲೂನಿಯಲ್ಲಿ ಒಬ್ಬ ಚರ್ಮದ ವ್ಯಾಪಾರಿ ಗುಂಡು ಕಮಾನುಗಳ ಮನೆ ಕಟ್ಟಿಸಿದ’ ಎಂದು ಬರೆದೆ. ಹೊಡೆದುಹಾಕಿದೆ. (ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಇತಿಹಾಸದಿಂದ ಶುರುಮಾಡುವ ಚಟ.)

೨.
ಈಗ ಆ ಮನೆಯಲ್ಲಿರುವ, ನನ್ನ ಎದುರುಮನೆಯ ಸೊಲಾಂಜಳಿಂದ ಶುರುಮಾಡುತ್ತೇನೆ. ಅವಳ ಗಂಡ ಫೆರ್ನಾನ್ ಹೆಂಚು ಹೊದಿಸುವವನು. ಮಾರ್ಚ್ ತಿಂಗಳಲ್ಲಿ ಯಾರದೋ ಸೂರಿನಿಂದ ಬಿದ್ದು ಸೊಂಟ ಮುರಿದುಕೊಂಡ. ಸೋಮವಾರ ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬರುತ್ತಾನೆ. ನಮ್ಮ ಹಳೆಯ ಮನೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಾಸ, ನಡುವೆ ಏಣಿಯಂಥ ಕಲ್ಲುಮೆಟ್ಟಿಲು. ಹಾಗಾಗಿ ಅಂಗಡಿಯ ಹಿಂದಿನ ಕೋಣೆಯಲ್ಲೇ ಮಂಚ ಹಾಕಬೇಕು, ಒಳಗೋಡೆಯ ಬಾಗಿಲು ಅಗಲವಾಗಬೇಕು.

೩.
ಗುರುವಾರ ಗಾರೆಕೆಲಸದ ತಿಬೋ ಗೋಡೆ ಕೆದಕಿದ. ಒಳಗೊಂದು ಕಂಬ. ಕಂಬದ ತಲೆಯಲ್ಲಿ ಕೆತ್ತಿದ ಹೆಂಗಸು, ಅವಳ ಸೊಂಟದ ಮೇಲೆ ಕೂಸು. ಪಕ್ಕದಲ್ಲಿ ಸೀಸದಕಡ್ಡಿಯ ಬರಹ: ‘ಗೋತಿಯೆ, ೧೮೮೭. ನೋಡಿದೆ, ಮುಚ್ಚಿದೆ.’ ಕೆಳಗೆ ‘ಪೊಲ್ಯೆ, ೧೯೩೪. ನಾನೂ.’ ಮುಚ್ಚಿದವನು ಹೆಸರು ಬರೆದಿಡಬೇಕೆಂಬುದು ಇಲ್ಲಿನ ಗಾರೆಯವರ ಪದ್ಧತಿ.

“ಮುಚ್ಚಿಬಿಡೋಣ ಅಕ್ಕ,” ಎಂದ ತಿಬೋ. “ಹಳೇ ಕಟ್ಟಡ ಕಾಯೋ ಆಫೀಸ್‌ನೋರಿಗೆ ಹೇಳಿದ್ರೆ ಕೆಲ್ಸ ನಿಂತೇಹೋಗುತ್ತೆ. ಪಕ್ಕದ್ಮನೆ ಮೊರೆಲ್‌ಗೆ ಹಾಗೇ ಕೆಲ್ಸ ನಿಂತು ಎರಡು ವರ್ಷ ಆಗ್ಲಿಲ್ವಾ?”

“ಗೊತ್ತು ಕಣೋ,” ಎಂದಳು ಸೊಲಾಂಜ್.

“ಹಳೇದನ್ನ ಮುಚ್ತಿದಾರೆ ಅಂತ ಅವ್ರ ಮೇಲೆ ಅರ್ಜಿ ಕೊಟ್ಟೋರು ನಿಮ್ಮೆಜಮಾನ್ರೇ ತಾನೆ?”

ಹಳೆಯದನ್ನು ಮುಚ್ಚಿಡುವವರನ್ನು ಕಂಡರೆ ಫೆರ್ನಾನ್‌ಗೆ ಆಗುವುದಿಲ್ಲ. ಮೊರೆಲ್ ಇವತ್ತಿಗೂ ಆ ಮನೆಯವರಿಗೆ ಬೊಂಜೂರ್ ಹೇಳುವುದಿಲ್ಲ.

೪.
ಅಂತ್ಯ ಒಂದು: ಸೊಲಾಂಜ್ ಆಫೀಸಿಗೆ ಫೋನ್ ಮಾಡುತ್ತಾಳೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. (ನನಗೆ ಇದೇ ಇಷ್ಟ. ಕಾಫಿ ಕುಡಿಯುತ್ತ ಅವಳಿಗೆ ಓದಿ ತೋರಿಸಿದೆ.)

“ಫೋಟೋ ಬರ್ಲಿ. ನಮ್ಮೆಜಮಾನ್ರು ಎಲ್ಲಿ ಮಲಗ್ಬೇಕು ಮೇಷ್ಟ್ರೇ, ನಿಮ್ಮ ಕಥೆ ಒಳಗಾ?”

ಅಂತ್ಯ ಎರಡು: ಮುಚ್ಚಿಸಿ, ನೆಮ್ಮದಿಯಾಗಿ ನಿದ್ದೆಹೋಗುತ್ತಾಳೆ.

“ನನ್ನ ನಿದ್ದೆ ವಿಷ್ಯ ನಿಮಗ್ಯಾರು ಹೇಳಿದ್ರು?”

(ಪಾತ್ರಗಳಿಗೆ ಸದರ ಕೊಟ್ಟರೆ ತಲೆಯ ಮೇಲೆ ಕೂರುತ್ತವೆ.)

೫, ಅಥವಾ ಮೂರನೆಯ ಡ್ರಾಫ್ಟ್.
ಶನಿವಾರ ತಿಬೋ ಬಾಗಿಲು ಅಗಲಿಸಿದ. ಕಂಬಕ್ಕೆ ಗಾರೆ ಮೆತ್ತುವ ಮುಂಚೆ ಬರೆಯಲು ಸೀಸದಕಡ್ಡಿ ತೆಗೆದ. ಸೊಲಾಂಜ್ ಅದನ್ನು ಕಸಿದುಕೊಂಡು ತನ್ನ ಹೆಸರು ಬರೆದಳು. ತಪ್ಪು ಅವನ ಮೇಲೆ ಬರುವುದು ಅವಳಿಗೆ ಬೇಕಿರಲಿಲ್ಲ. ಆಮೇಲೆ ಕಲ್ಲಿನ ಕೂಸಿನ ತಲೆ ಸವರಿ “ಹ್ಞೂಂ, ಮೆತ್ತು” ಎಂದಳು.

೬.
ಸೋಮವಾರ ಮಧ್ಯಾಹ್ನ ನಾನೂ ಅಲ್ಲಿದ್ದೆ. ಗಾಲಿಕುರ್ಚಿ ಹೊಸ ಬಾಗಿಲಲ್ಲಿ ಸಲೀಸಾಗಿ ನುಗ್ಗಿತು. ಮಂಚ ನೋಡಿ ಫೆರ್ನಾನ್ ಕಣ್ಣು ಒರೆಸಿಕೊಂಡ. ಆಮೇಲೆ ಗೋಡೆಯತ್ತ ತಿರುಗಿ ಅಂಗೈ ಇಟ್ಟ.

“ಇಲ್ಲಿ ಗಾರೆ ಇನ್ನೂ ಹಸಿ. ಏನೇ ಮುಚ್ಚಿದ್ದು?”

ಸೊಲಾಂಜ್ ನನ್ನ ಕಡೆ ನೋಡಿದಳು. ಅವಳ ಬಾಯಿಗೆ ಯಾವ ಮಾತು ಬೇಕಾದರೂ ಹಾಕಬಹುದಿತ್ತು ನಾನು. ತಯಾರಾಗಿ ನಾಲ್ಕು ಇದ್ದವು.

“ನೀವು ಹೊರಡಿ ಮೇಷ್ಟ್ರೇ,” ಎಂದಳು. “ಇದು ನಾವಿಬ್ರೂ ಆಡ್ಬೇಕಾದ ಮಾತು.”

ಹೊರಗೆ ಬಂದೆ. ಬೆನ್ನ ಹಿಂದೆ ಗಾಲಿ ಉರುಳಿದ ಸದ್ದಾಯಿತು. ಬಾಗಿಲು ಹಾಕಿಕೊಂಡವನು ಫೆರ್ನಾನ್.