ನಲವತ್ತು ದಿನದ ನೀರು

"ಕೈ ತೆಗೀರಿ! ನಲವತ್ತು ದಿನ ಮುಟ್ಟಿದ್ದು ಸಾಕಾಗಿಲ್ಲೇನು ನಿಮಗ?"

ರಾಬಿಯಾ ಇನ್ನೂ ಬುರ್ಖಾ ತೆಗೆದಿರಲಿಲ್ಲ. ತವರೂರು ಗೋಗಿಯ ಆಟೋ ಇಳಿದವಳು ಚೀಲವನ್ನು ಹೊಸ್ತಿಲಲ್ಲೇ ಇಟ್ಟು ನೆಟ್ಟಗೆ ಹಿತ್ತಲಿಗೆ ನಡೆದಿದ್ದಳು. ಗೋಡೆಯ ಮಗ್ಗುಲಲ್ಲಿ ಅವಳ ಮೋತಿಯಾ ಮಲ್ಲಿಗೆ ಒಂದೇ ಒಂದು ಎಲೆಯಿಲ್ಲದೆ ನಿಂತಿತ್ತು. ಬುಡದಲ್ಲಿ ನೀರು ನಿಂತು ಪಾಚಿ ಕಟ್ಟಿತ್ತು.

"ಒಂದು ಗಿಡಕ್ಕ ಇಷ್ಟು ಒದರ್ತಿಯಲ್ಲ," ಎಂದ ಗಿಡದಿಂದ ಕೈ ತೆಗೆದ ಅವಳ ಗಂಡ ಹಾಶಿಮ. "ನಾ ಬೇಕಂತ ಮಾಡೀನೇನು? ನನ್ನ ಹೊಟ್ಟಿಗೆ ಬಿಸಿ ರೊಟ್ಟಿ ಇರಲಿಲ್ಲ. ಇದಕ್ಕ ದಿನಾ ಎರಡು ಹೊತ್ತು ನೀರು ಬಿಟ್ಟೀನಿ."

"ಅದೇ ತಪ್ಪು! ಎರಿ ಮಣ್ಣು ನೀರು ಹಿಡಿದಿಡ್ತದ, ಬೆರಳು ಹಾಕಿ ನೋಡ್ರಿ, ಒಣಗಿದ್ರ ಒಂದು ತಂಬಿಗಿ ಹಾಕ್ರಿ ಅಂತ ಎಷ್ಟು ಸಲ ಹೇಳಿ ಹೋಗಿದ್ದೆ?"

"ನೀ ನನಗ ಹೇಳ್ತಿ? ಅರ್ಧ ತಾಲೂಕು ನನ್ನ ಕೇಳಿ ಗೊಬ್ಬರ ಹಾಕ್ತದ."

ಅದೇನೂ ಸುಳ್ಳಲ್ಲ. ಶಹಾಪುರದ ಬಜಾರಿನ ಬೀಜ-ಗೊಬ್ಬರದ ಅಂಗಡಿಯಲ್ಲಿ ಅವನು ಇಪ್ಪತ್ತು ವರ್ಷದಿಂದ ನಿಂತಿದ್ದ. ರೈತರು ರೋಗ ಬಿದ್ದ ಎಲೆಯನ್ನು ಕರವಸ್ತ್ರದಲ್ಲಿ ಸುತ್ತಿ ತಂದರೆ ಒಮ್ಮೆ ನೋಡಿ, ಹಿಂದಿನ ಕಪಾಟಿನಿಂದ ಏನಾದರೊಂದು ಡಬ್ಬಿ ತೆಗೆದು ಮುಂದಿಡುತ್ತಿದ್ದ. ಏನೂ ಹಾಕಬೇಡ, ಸುಮ್ಮನೆ ಬಿಡು ಎಂಬ ಮಾತನ್ನು ಅವನ ಬಾಯಿಂದ ಕೇಳಿದವರಿಲ್ಲ.

ಆ ಗಿಡ ರಾಬಿಯಾಳ ಮದುವೆಯ ವರ್ಷ ಗೋಗಿಯ ತವರಂಗಳದಿಂದ ಒದ್ದೆ ಬಟ್ಟೆಯಲ್ಲಿ ಕಡ್ಡಿಯಾಗಿ ಬಂದದ್ದು. ಹೋದ ವರ್ಷ ತಮ್ಮಂದಿರು ಅಂಗಳಕ್ಕೆ ಸಿಮೆಂಟು ಹಾಕಿಸಿದಾಗ ಅಲ್ಲಿಯ ಹಳೇ ಗಿಡ ಹೋಯಿತು. ಈ ವರ್ಷ ತಾಯಿ ಹೋದಳು. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ರಾಬಿಯಾ ಈಗ ಬಂದಿದ್ದಳು. ಅಳುತ್ತ ಹೋದವಳು ಬರುವುದರೊಳಗೆ ಗಿಡದ ತುಂಬ ಮೊಗ್ಗು ಇರಬೇಕೆಂದು ಹಾಶಿಮನಿಗೆ ಆಸೆಯಿತ್ತು. ನೀರು ಹೆಚ್ಚಾಗಿ ಎಲೆ ಹಳದಿಯಾದವು. ಹಸಿವು ಎಂದುಕೊಂಡು ಎರಡು ಮುಷ್ಟಿ ಯೂರಿಯಾ ಸುರಿದ. ಚಿಗುರು ಸುಟ್ಟಂತಾಯಿತು. ಹುಳ ಎಂದುಕೊಂಡು ಕೀಟನಾಶಕದ ಎಣ್ಣೆ ಹೊಡೆದ. ಅದನ್ನೆಲ್ಲ ಈಗ ಅವನೇ ಹೇಳಿದ.

"ಯಾವ ಪಂಪಿನಿಂದ ಹೊಡದ್ರಿ?" ಎಂದಳು ರಾಬಿಯಾ.

ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ನೆರೆಮನೆಯ ಶೇಖಮ್ಮ ಕತ್ತು ಚಾಚಿದಳು. "ನಮ್ಮ ಹುಡುಗ ಬಸಲಿಂಗ ಹತ್ತಿ ಹೊಲದಾಗ ಕಸ ಸಾಯ್ಸೋ ಎಣ್ಣಿ ಹೊಡ್ಯಾಕ ಒಯ್ದಿದ್ನಲ್ರಿ ಅಣ್ಣಾ, ಅದೇ ಪಂಪೇನು?"

"ತೊಳದೀನಿ."

"ಎಷ್ಟು ಸಲ?" ಎಂದಳು ರಾಬಿಯಾ.

"ಒಮ್ಮಿ."

ಮೂರು ಸಲ ತೊಳಿ, ಸಾಬೂನು ಹಾಕಿ ತೊಳಿ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುವವನು ಅವನೇ.

"ಫೋನ್ ಮಾಡಿದಾಗೆಲ್ಲ ಗಿಡ ಚೆಂದ ಅದ ಅಂದ್ರಿ."

"ಸತ್ತ ಮನ್ಯಾಗ ಕುಂತಾಕಿಗೆ ಮತ್ತೇನು ಹೇಳಬೇಕಿತ್ತು?"

ರಾಬಿಯಾ ಕೆಸರಿನಲ್ಲೇ ಕುಳಿತಳು. ಉಗುರಿನಿಂದ ಕಾಂಡದ ತೊಗಟೆ ಕೆರೆದಳು. ಕಂದು. ಇನ್ನಷ್ಟು ಕೆಳಗೆ ಕೆರೆದಳು. ಕಂದು. ಬುಡದಿಂದ ಗೇಣು ಮೇಲೆ, ತೊಗಟೆಯ ಕೆಳಗೆ ದಾರದಷ್ಟು ಹಸಿರು ಕಂಡಿತು. ಅವಳ ದನಿ ಒಮ್ಮೆಲೇ ಇಳಿಯಿತು.

"ಜೀವ ಅದರಿ. ಇನ್ನ ಏನೂ ಮಾಡಬ್ಯಾಡ್ರಿ. ನೀರು ಬ್ಯಾಡ, ಗೊಬ್ಬರ ಬ್ಯಾಡ, ಮಣ್ಣು ಒಣಗಲಿ. ಒಂದು ತಿಂಗಳು ಇದನ್ನ ಸುಮ್ಮನ ಬಿಡ್ರಿ. ನನಗ ಇಷ್ಟು ಮಾಡ್ರಿ, ಸಾಕು."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹಾಶಿಮನ ನಾಲಿಗೆಗೆ ಆ ಮಾತು ಬಂದೂ ಇತ್ತು. ಅಷ್ಟರಲ್ಲಿ ಶೇಖಮ್ಮ ನಕ್ಕಳು. "ಗೊಬ್ಬರದಂಗಡಿ ಸಾಹೇಬರ ಮನಿ ಗಿಡಾನೇ ಹಿಂಗಾದ್ರ, ನಮ್ಮ ಹೊಲದ ಗತಿ ಏನವ್ವಾ!"

ಹಾಶಿಮನ ಕಿವಿ ಬಿಸಿಯಾದವು. "ಬೇರು ಕೊಳತಾವ. ಕಿತ್ತು ಹೊಸ ಮಣ್ಣು ಹಾಕಬೇಕು. ನಿನಗೇನು ತಿಳಿತದ, ಸರಿ ಅತ್ಲಾಗ!"

"ಬ್ಯಾಡ್ರೀ..."

ಎರಡೂ ಕೈಯಿಂದ ಹಿಡಿದು ಎಳೆದ. ನೆನೆದ ಮಣ್ಣು ತಡೆಯಲಿಲ್ಲ. ಗಿಡ ಸಲೀಸಾಗಿ ಮೇಲೆ ಬಂತು. ಬೇರುಗಳೆಲ್ಲ ಕಪ್ಪಾಗಿದ್ದವು. ಒಂದು ಮಗ್ಗುಲಿಗೆ ಮಾತ್ರ ಬೆರಳುದ್ದದ ಬಿಳಿ ಬೇರು ಅರ್ಧ ಮುರಿದು ಜೋತಾಡುತ್ತಿತ್ತು.

ಇಬ್ಬರೂ ಅದನ್ನು ನೋಡಿದರು.

ಅವಳು ಒದರುತ್ತಾಳೆ ಎಂದು ಹಾಶಿಮ ಕಾದ. ಅವಳು ಒದರಲಿಲ್ಲ. ಎದ್ದು, ನಳದ ಕೆಳಗೆ ಕೈ ತೊಳೆದುಕೊಂಡು, ಒಳಗೆ ಹೋಗಿ ಹೊಸ್ತಿಲ ಮೇಲಿನ ಚೀಲ ಎತ್ತಿಕೊಂಡಳು. ಆ ಚೀಲದ ಗಂಟು ಕೂಡ ಬಿಚ್ಚಿರಲಿಲ್ಲ.

"ಎಲ್ಲಿಗಿ ಹೊಂಟಿ? ಭೀಮರಾಯನಗುಡಿ ನರ್ಸರಿಯಿಂದ ಹತ್ತು ಸಸಿ ತರ್ತೀನಿ, ತಿಳೀತಾ? ಹತ್ತು!" ಎಂದು ಅವನು ಹಿತ್ತಲಿಂದಲೇ ಕೂಗಿದ. ಬೀದಿಯ ಬಾಗಿಲು ಎಳೆದುಕೊಂಡ ಸದ್ದಾಯಿತು. "ಸಂಜಿಗಿ ಬರ್ತಿ ಬಿಡು!"

ಸಂಜೆಗೆ ಬರಲಿಲ್ಲ. ಒಂದು ಶುಕ್ರವಾರ ಹೋಯಿತು, ಇನ್ನೊಂದು ಹೋಯಿತು. ಮೂರನೆಯದಕ್ಕೆ ಅವಳ ತಮ್ಮ ಬಂದು ಅವಳ ಬಟ್ಟೆಬರೆಯ ಪೆಟ್ಟಿಗೆ ಒಯ್ದ. ಚಹಾ ಕುಡಿಯಲಿಲ್ಲ.

ಗಿಡವನ್ನು ಹಾಶಿಮ ಅವತ್ತೇ ಅದೇ ಕುಣಿಗೆ ಇಟ್ಟು, ಮಣ್ಣು ಎಳೆದು ಕಾಲಿನಿಂದ ತುಳಿದಿದ್ದ. ಈಗಲೂ ಅಂಗಡಿಗೆ ಹೋಗುವ ಮುಂಚೆ ಹಿತ್ತಲಿಗೆ ಬಂದು ಪೈಪನ್ನು ಬುಡಕ್ಕೆ ಇಟ್ಟು ನಳ ತಿರುಗಿಸುತ್ತಾನೆ.

"ಸಾಕು ಬಿಡ್ರಿ ಅಣ್ಣಾ," ಎನ್ನುತ್ತಾಳೆ ಶೇಖಮ್ಮ. ಈಗ ಅವಳು ನಗುವುದಿಲ್ಲ.

ಅವನು ನಳ ನಿಲ್ಲಿಸುವುದಿಲ್ಲ. ನೀರು ಕುಣಿಯ ಅಂಚಿನವರೆಗೆ ಏರಿ, ಇಂಗದೆ ಹಾಗೇ ನಿಲ್ಲುತ್ತದೆ. ಕಾಂಡದ ಮೇಲೆ ಗೇಣೆತ್ತರದಲ್ಲಿ ರಾಬಿಯಾಳ ಉಗುರು ಕೆರೆದ ಗೆರೆಯೊಂದು ಕಾಣುತ್ತದೆ. ಅದೂ ಈಗ ಕಂದು.