ದೇವೀರಪ್ಪನ ಮನೆಯ ಕಟ್ಟು

ಯಸಳೂರಿನಿಂದಾಚೆಗೆ ಮಂಜು ಬಸ್ಸನ್ನೇ ನುಂಗಿಕೊಂಡಿತ್ತು. ಕಿಟಕಿಯ ಹೊರಗೆ ಸಿಲ್ವರ್ ಓಕ್ ಮರಗಳು ಬುಡವಿಲ್ಲದೆ ತೇಲುತ್ತಿದ್ದವು. ಹಿಂದಿನ ಸೀಟುಗಳಲ್ಲಿ ಹಾಸನದ ಸ್ವಯಂಸೇವಾ ಸಂಸ್ಥೆಯ ಹುಡುಗ ಹುಡುಗಿಯರು ಹಳದಿ ಟೋಪಿ ಹಾಕಿಕೊಂಡು ತೂಕಡಿಸುತ್ತಿದ್ದರು. ಅವರನ್ನು ಕರೆತಂದವಳು ದ್ರಾಕ್ಷಾಯಣಿ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು. ಹೊರಟಿದ್ದು ತಾನು ಹುಟ್ಟಿದ ಊರಿಗೆ, ಹಳ್ಳ ದಾಟಲು ಮರದ ಸಂಕ ಹಾಕಲು.

ಅವಳು ಚಿಕ್ಕವಳಿದ್ದಾಗ ಮಳೆಗಾಲ ಮುಗಿಯುತ್ತಲೇ ಮನೆಗೊಬ್ಬರು ಕತ್ತಿ ಹಿಡಿದು ಹಳ್ಳಕ್ಕಿಳಿಯುತ್ತಿದ್ದರು. ದಿಮ್ಮಿಗಳನ್ನು ಕಾಡುಬಳ್ಳಿಯಿಂದ ಬಿಗಿಯುವಾಗ ಮನೆಗೊಂದು ಕಟ್ಟು; ಅದನ್ನು ಆ ಮನೆಯವರೇ ಬಿಗಿಯಬೇಕು. ಆಮೇಲೆ ಯುವಕ ಸಂಘ ಬಂತು, ಅದಕ್ಕೊಂದು ಬೋರ್ಡೂ ಬಂತು. ಸಂಘ ಒಡೆದ ಮೇಲೆ ಎಸ್ಟೇಟಿನವರು ಕೂಲಿ ಕೊಟ್ಟು ಕಟ್ಟಿಸಿದರು. ಕಾಫಿ ಬೆಲೆ ಬಿದ್ದಾಗ ಅದೂ ನಿಂತಿತು. ಅವಳ ಅಪ್ಪ ದೇವೀರಪ್ಪ ಅದಕ್ಕೂ ಎಷ್ಟೋ ಮೊದಲೇ ತೋಟ ಮಾರಿ ಊರು ಬಿಟ್ಟಿದ್ದರು. ಈಗ ತಾನು ಆ ಊರಿನವಳೋ, ಬರೀ ಈ ಸಂಸ್ಥೆಯವಳೋ? ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ.

ಹಳ್ಳದ ಬಳಿ ಮಂಜು ಸರಿದಾಗ ಹಸಿ ಮರದ ವಾಸನೆ ಬಂತು. ಸಂಕ ಆಗಲೇ ನಿಂತಿತ್ತು!

“ಇದೇನು ತೋಟಪ್ಪಣ್ಣ? ನಾವು ಬಂದು ಕಟ್ತೀವಿ ಅಂತ ಫೋನ್ ಮಾಡಿದ್ನಲ್ಲ!”

ದಡದಲ್ಲಿ ಬಾಳೆಎಲೆ ಹಾಸುತ್ತಿದ್ದ, ಹಿಂದೆ ಅವರ ಪಕ್ಕದ ಮನೆಯವನಾಗಿದ್ದ ತೋಟಪ್ಪ ನಕ್ಕ. “ಬಸ್ ಮಾಡ್ಕೊಂಡು ಬರೋ ನೆಂಟ್ರ ಕೈಲಿ ದಿಮ್ಮಿ ಹೊರ್ಸಕ್ಕಾಯ್ತದಾ? ನಿನ್ನೆ ಎಲ್ರೂ ಸೇರಿ ಮುಗಿಸ್ಬುಟ್ವಿ. ಉಪ್ಪಿಟ್ಟು ಐತೆ, ತಿನ್ನಕ್ಕೇಳು.”

“ಹಾಗಾದ್ರೆ ನಾವೇನ್ಮಾಡೋದು ಮೇಡಂ?” ಹುಡುಗಿಯೊಬ್ಬಳು ಕೇಳಿದಳು.

“ಫೋಟೋ ಹೊಡ್ಕಳಿ,” ಎಂದಳು ಊರಿನ ಮುದುಕಿ ತಾಯಮ್ಮ. “ಹೋದ್ಸಲ ಗಿಡ ನೆಡಕ್ಕೆ ಬಂದೋರೂ ಅದ್ನೇ ಮಾಡಿದ್ದು.”

ಎಲ್ಲರೂ ನಕ್ಕರು. ದ್ರಾಕ್ಷಾಯಣಿಗೆ ಮಾತ್ರ ನೆಂಟರು ಎಂಬ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಎಲೆಯ ಮುಂದೆ ಕೂರಲು ಹೊರಟಳು.

“ನೀನ್ಯಾಕೆ ನೆಂಟ್ರ ಸಾಲಲ್ಲಿ ಕೂತ್ಕತಿಯೆ? ಹಳ್ಳಕ್ಕಿಳಿ!” ತಾಯಮ್ಮ ಗದರಿದಳು. ಅವಳು ಬೆರಳು ತೋರಿಸಿದಲ್ಲಿ, ಆಚೆ ತುದಿಯ ದಿಮ್ಮಿಯಿಂದ ಕಟ್ಟದೆ ಬಿಟ್ಟ ಬಳ್ಳಿಯೊಂದು ನೀರಿನಲ್ಲಿ ಮೆಲ್ಲಗೆ ಅಲುಗುತ್ತಿತ್ತು. “ದೇವೀರಪ್ಪನ ಮನೇದು ಕಣೆ ಅದು. ಇನ್ಯಾರು ಕಟ್ತಾರೆ?”

ದ್ರಾಕ್ಷಾಯಣಿ ತನ್ನ ಹಳದಿ ಟೋಪಿ ತೆಗೆದಿಟ್ಟು, ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಮೊದಲ ಗಂಟು ಜಾರಿತು.

“ಕಾಲೇಜಲ್ಲಿ ಇದ್ನ ಹೇಳ್ಕೊಡಲ್ವಾ?” ತೋಟಪ್ಪ ಕೂಗಿದ.

ಬಿಚ್ಚಿ ಮತ್ತೆ ಬಿಗಿದಳು. ಮೇಲೆ ಸಂಕ ದಾಟುತ್ತ ಹಳದಿ ಟೋಪಿಗಳು ಒಂದೊಂದಾಗಿ ಆಚೆ ದಡದ ಮಂಜಿನೊಳಗೆ ತೇಲಿಹೋದವು. ಅವರ ಒಂದೊಂದು ಹೆಜ್ಜೆಯೂ ಬಳ್ಳಿಯಲ್ಲಿ ಇಳಿದು ಬಂದು ಅವಳ ಅಂಗೈಗೆ ತಾಗುತ್ತಿತ್ತು. ಕೊನೆಯವನು ದಾಟುವವರೆಗೂ ಅವಳು ಕೈ ತೆಗೆಯಲಿಲ್ಲ.