ಬಣ್ಣ ಬೇಡದ ಮರ

ಅಮ್ಮನ ಶವಪೆಟ್ಟಿಗೆಯ ಮುಚ್ಚಳದ ಮೇಲೆ ಕೀಸುಳಿ ಓಡಿಸುತ್ತಿದ್ದ ಮಗಳ ಕೈಯನ್ನು ದೊಡ್ಡಪ್ಪ ತಡೆದರು. ಅವರ ಬೆನ್ನಹಿಂದೆ, ಕೋಣೆಯ ಬಾಗಿಲಾಚೆ, ಇಬ್ಬರು ಆಳುಗಳು ಕಪ್ಪಗೆ ಹೊಳೆಯುವ ಇನ್ನೊಂದು ಪೆಟ್ಟಿಗೆಯನ್ನು ಹೊತ್ತು ತಂದು ಅಂಗಳದಲ್ಲಿ ಇಳಿಸುತ್ತಿದ್ದರು.

“ಸಾಕು ಬಿಡಮ್ಮ. ನಮ್ಮ ಮನೆ ಸೊಸೇನ ಬರೀ ಹಲಗೇಲಿ ಕಳಿಸಿದ್ರೆ ನೋಡಿದೋರು ಏನಂದ್ಕೋತಾರೆ? ಬಣ್ಣನಾದ್ರೂ ಬಳೀಬಾರದಾ?”

“ಇದು ಸೈಪ್ರೆಸ್ ಮರ, ಬಣ್ಣ ಬೇಡ ದೊಡ್ಡಪ್ಪ. ಅದರೊಳಗಿನ ಎಣ್ಣೆನೇ ಹುಳಾನೂ ಹತ್ರ ಬಿಡಲ್ಲ, ಕೊಳೆಯೋಕೂ ಬಿಡಲ್ಲ. ಈ ಹಲಗೆ ಅಮ್ಮನೇ ಆರಿಸಿಟ್ಟಿದ್ದು.”

“ಸತ್ತ ಮೇಲೂ ಅವಳದೇ ಹಟ.”

“ಹೂಂ, ಅವಳದೇ,” ಎಂದು ಮಗಳು ಕೈ ಬಿಡಿಸಿಕೊಂಡಳು. ಕೀಸುಳಿಯಿಂದ ತೆಳ್ಳನೆಯ ಸುರುಳಿಗಳು ಉದುರಿದವು. ಮರದ ಘಾಟು ಕೋಣೆಯನ್ನೆಲ್ಲ ತುಂಬಿಕೊಂಡಿತು.

*

ಅಪ್ಪ ತೀರಿಕೊಂಡ ವಾರದಲ್ಲೇ ದೊಡ್ಡಪ್ಪ ಮರಗೆಲಸದ ಶೆಡ್ಡಿಗೆ ಬೀಗ ಜಡಿದಿದ್ದರು. ಹೆಂಗಸು ಗರಗಸ ಹಿಡಿದರೆ ಮನೆಯ ಮಾನ ಬೀದಿಪಾಲು ಎಂಬುದು ಅವರ ವಾದ. ಅಮ್ಮ ಮರುದಿನ ಬೆಳಿಗ್ಗೆ ಎದ್ದವಳೇ ಕೀಲುಗಳ ಮತ್ತು ಚೌಕಟ್ಟಿನ ಕೊಂಡಿಯ ಸ್ಕ್ರೂ ಬಿಚ್ಚಿ, ಬಾಗಿಲನ್ನೇ ಕಳಚಿ, ಬೀಗದ ಸಮೇತ ಎರಡು ಸ್ಟೂಲುಗಳ ಮೇಲೆ ಮಲಗಿಸಿದಳು. ಅದೇ ಅವಳ ಕೆಲಸದ ಮೇಜಾಯಿತು.

“ನಿಮ್ಮ ಬೀಗ ಮುಟ್ಟಿಲ್ಲ ಭಾವ, ನೋಡ್ಕೊಳ್ಳಿ,” ಎಂದಿದ್ದಳು.

ಆಮೇಲೆ ಆ ಬೀದಿಯ ಕಿಟಕಿ ಚೌಕಟ್ಟು, ಬಟ್ಟೆಯ ಪೆಟ್ಟಿಗೆ, ಸ್ನಾನದ ತೊಟ್ಟಿ ಎಲ್ಲ ಅವಳ ಕೈಯಿಂದಲೇ ಬಂದವು. ಮೊದಲು ಮೂಗು ಮುರಿದ ಹೆಂಗಸರೇ ತಮ್ಮ ಹೆಣ್ಣುಮಕ್ಕಳನ್ನು ಅವಳ ಹತ್ತಿರ ಕೆಲಸ ಕಲಿಯಲು ಕಳಿಸಿದರು.

*

ಶವ ಎತ್ತುವ ಹೊತ್ತಿಗೆ ದೊಡ್ಡಪ್ಪ ಗಂಡಸರನ್ನು ಕೂಗಿದರು. ಅಷ್ಟರಲ್ಲಿ ಅಮ್ಮನ ಶಿಷ್ಯೆಯರು ಹೆಗಲು ಕೊಟ್ಟಾಗಿತ್ತು.

“ನಿಮ್ಮ ಕೈಲಾಗಲ್ಲ, ಭಾರ ಇರುತ್ತೆ.”

“ಹಗುರದ ಮರ ತಾತ,” ಎಂದಳು ಮುಂದಿದ್ದವಳು. “ಸ್ವಲ್ಪ ದಾರಿ ಬಿಡಿ.”

ಕಪ್ಪು ಪೆಟ್ಟಿಗೆ ಅಂಗಳದಲ್ಲೇ ಉಳಿಯಿತು.

ಹಿಂದಿನ ದಿನದ ಮಳೆಗೆ ಸ್ಮಶಾನದ ಗುಂಡಿಯಲ್ಲಿ ನೀರು ನಿಂತಿತ್ತು. ಬಕೆಟ್ಟಿನಲ್ಲಿ ಎತ್ತಿದಷ್ಟೂ ಒಸರುತ್ತಿತ್ತು. ಕಡೆಗೆ ಹಾಗೆಯೇ ಹಗ್ಗ ಬಿಟ್ಟು ಇಳಿಸಿದರು. ಪೆಟ್ಟಿಗೆ ತಳ ಮುಟ್ಟಲಿಲ್ಲ, ತೇಲಿತು. ಗುಂಡಿ ತೋಡಿದವನು ಕೋಲಿನಿಂದ ಒತ್ತಿದ. ತಲೆಯ ಕಡೆ ತಗ್ಗಿದರೆ ಕಾಲಿನ ಕಡೆ ಏಳುತ್ತಿತ್ತು.

“ಮಣ್ಣು ಎಳೀರಿ ಬೇಗ,” ದೊಡ್ಡಪ್ಪ ಮುಖ ಸಿಂಡರಿಸಿದರು.

ಬೆಳಗಿನಿಂದ ಒಂದೇ ಸಮ ಅಳುತ್ತಿದ್ದ ಮಗಳು ನಕ್ಕುಬಿಟ್ಟಳು.

“ಆತುರ ಮಾಡ್ಬೇಡಿ. ಮನಸ್ಸು ಬಂದಾಗ ಇಳೀತಾಳೆ.”

ಮೊದಲ ಸಲಿಕೆ ಮಣ್ಣು ಬಿತ್ತು. ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿ, ಮಣ್ಣನ್ನು ನೀರಿಗೆ ಜಾರಿಸಿ, ತಿಳಿಹಳದಿ ಮುಚ್ಚಳವನ್ನು ಮತ್ತೆ ಮೇಲೆತ್ತಿತು.